ಎರಡು ನಾಣ್ಯಗಳಲ್ಲೂ 1293 ಎಂದಿದೆ, ಆದರೆ ತೂಕ ಬೇರೆ: ಆಟೋಮನ್ ಬೆಳ್ಳಿ ನಾಣ್ಯಗಳ ಬಗ್ಗೆ ಸಂದೇಹ

ನಾಣ್ಯಾಸಕ್ತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆಟೋಮನ್ ಸಾಮ್ರಾಜ್ಯದ ಬೆಳ್ಳಿ ನಾಣ್ಯಗಳನ್ನು ಇತ್ತೀಚೆಗೆ ಸಂಗ್ರಹಿಸತೊಡಗಿದ್ದೇನೆ. ಸದ್ಯ ನನ್ನ ಬಳಿ ಇರುವುದು ಮೂರು ನಾಣ್ಯಗಳು ಮಾತ್ರ, ಆದರೆ ಮೂರರ ಬಗ್ಗೆಯೂ ಸಂದೇಹಗಳಿವೆ.

ಮೊದಲೆರಡು ನಾಣ್ಯಗಳು ಸುಲ್ತಾನ್ ಎರಡನೆಯ ಅಬ್ದುಲ್ ಹಮೀದನ ಕಾಲದವು ಎಂದು ಮಾರಿದವರು ತಿಳಿಸಿದ್ದರು. ಎರಡರಲ್ಲೂ ತುಘ್ರಾ, ಅಂದರೆ ಸುಲ್ತಾನನ ಹೆಸರನ್ನು ಹೆಣೆದಂತೆ ಬರೆದ ರಾಜಮುದ್ರೆ, ಒಂದೇ ಬಗೆಯಾಗಿದೆ. ಅರಬ್ಬೀ ಅಂಕಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ ಎರಡರಲ್ಲೂ 1293 ಎಂಬ ಇಸವಿ ಕಂಡಿತು, ಮತ್ತು ಎರಡೂ ಐದರ ಮುಖಬೆಲೆಯವೆಂದು ತಿಳಿಯಿತು. ಆದರೆ ಮೊದಲನೆಯದು 6.01 ಗ್ರಾಂ ತೂಗಿದರೆ ಎರಡನೆಯದು 6.95 ಗ್ರಾಂ ತೂಗುತ್ತದೆ, ಅಗಲವೂ ತುಸು ಹೆಚ್ಚು. ಇಸವಿಯಲ್ಲದೆ ಮೊದಲನೆಯದರಲ್ಲಿ 32 ಎಂದೂ ಎರಡನೆಯದರಲ್ಲಿ 10 ಎಂದೂ ಸಣ್ಣ ಅಂಕಿಗಳಿವೆ. ಒಂದೇ ಸುಲ್ತಾನ, ಒಂದೇ ಇಸವಿ, ಒಂದೇ ಮುಖಬೆಲೆ ಇದ್ದೂ ಸುಮಾರು ಒಂದು ಗ್ರಾಂ ವ್ಯತ್ಯಾಸವಿರುವುದರಿಂದ ಎರಡರಲ್ಲಿ ಒಂದು ನಕಲಿ ಇರಬಹುದೇ ಎಂಬುದು ನನ್ನ ಮೊದಲ ಸಂದೇಹ.

ಮೂರನೆಯದು ಉಗುರಿನಷ್ಟೇ ಅಗಲದ, ಕಾಗದದಂತೆ ತೆಳುವಾದ ಅಕ್ಚೆ ಎಂಬ ಹಳೆಯ ಸಣ್ಣ ಬೆಳ್ಳಿ ನಾಣ್ಯ. ಅದರ ತೂಕ 0.69 ಗ್ರಾಂ. ಅಚ್ಚು ಒಂದು ಬದಿಗೆ ಸರಿದಿರುವುದರಿಂದ ಅರ್ಧ ಬರಹ ಅಂಚಿನಾಚೆ ಹೋಗಿದೆ. 926 ಎಂಬುದು ಮಾತ್ರ ಸ್ಪಷ್ಟವಾಗಿದೆ. ಇದನ್ನು 1520ರಲ್ಲಿ ಅಚ್ಚು ಹಾಕಿದ ನಾಣ್ಯವೆಂದು ದಾಖಲಿಸಿಕೊಳ್ಳಬಹುದೇ?

ಪ್ರತಿ ಸುಲ್ತಾನನ ಒಂದೊಂದು ಬೆಳ್ಳಿ ನಾಣ್ಯ ಸೇರಿಸುವುದು ನನ್ನ ಉದ್ದೇಶ. ಅನುಭವವುಳ್ಳವರು ಇದು ಸರಿಯಾದ ಕ್ರಮವೇ ಎಂಬುದನ್ನೂ ದಯವಿಟ್ಟು ತಿಳಿಸಬೇಕು.

ಹಿಜರಿಲೆಕ್ಕ

ನಿಮ್ಮ ವಿವರಣೆಯನ್ನು ನೋಡಿದರೆ ಎರಡೂ ಅಸಲಿ ಇರುವ ಸಾಧ್ಯತೆಯೇ ಹೆಚ್ಚು. ಆದರೆ ಅವು ಒಂದೇ ದೇಶದ ಚಲಾವಣೆಗೆಂದು ಹೊರಟ ನಾಣ್ಯಗಳಲ್ಲ.

ಮೊದಲು ಇಸವಿಯ ವಿಚಾರ. ಆಟೋಮನ್ ನಾಣ್ಯದ ಮೇಲಿರುವ ದೊಡ್ಡ ಇಸವಿ ಸಾಮಾನ್ಯವಾಗಿ ಆ ನಾಣ್ಯವನ್ನು ಅಚ್ಚು ಹಾಕಿದ ವರ್ಷವಲ್ಲ, ಸುಲ್ತಾನ ಪಟ್ಟಕ್ಕೆ ಬಂದ ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ, ವರ್ಷ. ಅಬ್ದುಲ್ ಹಮೀದ ಪಟ್ಟವೇರಿದ್ದು 1876ರ ಆಗಸ್ಟ್ 31ರಂದು, ಅಂದರೆ ಹಿಜರಿ 1293ರಲ್ಲಿ. ಆದ್ದರಿಂದ ಅವನು 1909ರಲ್ಲಿ ಪದಚ್ಯುತನಾಗುವವರೆಗೆ ಹೊರಬಂದ ನಾಣ್ಯಗಳೆಲ್ಲ 1293 ಎಂದೇ ಹೇಳುತ್ತವೆ. ನೀವು ಕಂಡ ಸಣ್ಣ ಅಂಕಿ ಆಳ್ವಿಕೆಯ ಎಷ್ಟನೆಯ ವರ್ಷ ಎಂಬುದನ್ನು ಸೂಚಿಸುತ್ತದೆ. ಪಟ್ಟದ ವರ್ಷಕ್ಕೆ ಆಳ್ವಿಕೆಯ ವರ್ಷವನ್ನು ಕೂಡಿಸಿ ಒಂದನ್ನು ಕಳೆದರೆ ಬೇಕಾದ ಹಿಜರಿ ವರ್ಷ ಸಿಗುತ್ತದೆ. ನಿಮ್ಮ ಮೊದಲ ನಾಣ್ಯದಲ್ಲಿ 1293ಕ್ಕೆ 32 ಸೇರಿಸಿ ಒಂದು ಕಳೆದರೆ 1324. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕದ ವರ್ಷ ಹೆಚ್ಚುಕಡಿಮೆ ದೊರೆಯುವುದರಿಂದ ಅದು 1906 ಅಥವಾ 1907ರ ನಾಣ್ಯ. ಎರಡನೆಯದು ಇದೇ ಲೆಕ್ಕದಲ್ಲಿ ಹಿಜರಿ 1302, ಅಂದರೆ 1885ರ ಸುಮಾರಿನದು.

ಈ 1885 ಎಂಬ ವರ್ಷವೇ ನಿಮ್ಮ ಸಂದೇಹಕ್ಕೆ ಉತ್ತರದ ದಾರಿ ತೋರಿಸುತ್ತದೆ, ಏಕೆಂದರೆ ಈಜಿಪ್ಟಿನ ನಾಣ್ಯ ಪದ್ಧತಿಯನ್ನು ಹೊಸದಾಗಿ ರೂಪಿಸಿದ್ದು ಆಗಲೇ. ಎರಡನೆಯ ನಾಣ್ಯವನ್ನು ತಿರುಗಿಸಿ ಇಸವಿಯ ಸುತ್ತಲಿನ ಬರಹವನ್ನು ಗಮನಿಸಿ. ಇಸ್ತಾಂಬುಲ್ ನಾಣ್ಯದಲ್ಲಿ 'ದುರಿಬ ಫಿ ಕೊಸ್ತಾಂತಿನಿಯೆ' (ಕಾನ್‌ಸ್ಟಾಂಟಿನೋಪಲಿನಲ್ಲಿ ಅಚ್ಚಾದದ್ದು) ಎಂಬ ಉದ್ದನೆಯ ಬರಹವಿರುತ್ತದೆ. ನಿಮ್ಮದರಲ್ಲಿ ಆ ಜಾಗದಲ್ಲಿ ಮೂರೇ ಅಕ್ಷರಗಳ 'ಮಿಸ್ರ್', ಅಂದರೆ ಈಜಿಪ್ಟ್, ಎಂದಿರಬೇಕು. ಭೂತಗನ್ನಡಿ ಹಿಡಿದು ಹುಡುಕಿದರೆ ರೋಮನ್ ಲಿಪಿಯ ಡಬ್ಲ್ಯು ಅಕ್ಷರ ಅತಿ ಚಿಕ್ಕದಾಗಿ ಕಾಣಬೇಕು. ಅದು ಬರ್ಲಿನ್ ಟಂಕಸಾಲೆಯ ಕೆತ್ತನೆಗಾರ ಎಮಿಲ್ ವೈಗಾಂಡ್‌ನ ಗುರುತು. ಈಜಿಪ್ಟಿನ ಐದು ಕಿರ್ಷ್ (ಕುರುಷ್ ಎಂಬ ಆಟೋಮನ್ ನಾಣ್ಯದ ಅರಬ್ಬೀ ಹೆಸರು) ನಾಣ್ಯ 0.833 ಶುದ್ಧತೆಯ ಬೆಳ್ಳಿಯಲ್ಲಿ 7 ಗ್ರಾಂ ತೂಗುತ್ತದೆ. ಇಸ್ತಾಂಬುಲಿನ ಐದು ಕುರುಷ್ 0.830 ಶುದ್ಧತೆಯಲ್ಲಿ 6.01 ಗ್ರಾಂ. ಚಲಾವಣೆಯ ಸವೆತವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಿಮ್ಮ ಎರಡನೆಯ ನಾಣ್ಯದ 6.95 ಗ್ರಾಂ ಈಜಿಪ್ಟಿನ ತೂಕಕ್ಕೆ ಸರಿಯಾಗಿಯೇ ಇದೆ.

1882ರಿಂದ ಬ್ರಿಟಿಷ್ ಸೇನೆಯ ಹಿಡಿತದಲ್ಲಿದ್ದ, ಖದೀವನ, ಅಂದರೆ ಸುಲ್ತಾನನ ಅಧೀನದ ರಾಜಪ್ರತಿನಿಧಿಯ, ಹೆಸರಿನಲ್ಲಿ ಆಡಳಿತ ನಡೆಯುತ್ತಿದ್ದ ದೇಶವೊಂದರ ನಾಣ್ಯ ಜರ್ಮನಿಯಲ್ಲಿ ತಯಾರಾಗಿ, ಇಸ್ತಾಂಬುಲಿನ ಸುಲ್ತಾನನ ತುಘ್ರಾ ಹೊತ್ತು ಹೊರಬರುತ್ತಿತ್ತು. ಕಾಗದದ ಮೇಲಿನ ಈ ಅಧೀನತೆ 1914ರವರೆಗೂ ನಡೆಯಿತು. ನನಗೆ ಕೇಳಿದರೆ ನಿಮ್ಮ ಮೂರರಲ್ಲಿ ಅತ್ಯಂತ ಸ್ವಾರಸ್ಯವಾದದ್ದು ನೀವು ನಕಲಿಯೆಂದು ಶಂಕಿಸಿದ ನಾಣ್ಯವೇ.

ಅಂಕಿ ಓದುವಾಗ ಎರಡು ಕಡೆ ಎಚ್ಚರ ಬೇಕು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಲೆಯ ಮೇಲಿನ ಒಂದು ಹಲ್ಲು ಮಾತ್ರವಾದ್ದರಿಂದ ಸವೆದ ನಾಣ್ಯದಲ್ಲಿ ಇವು ಅದಲು ಬದಲಾಗುತ್ತವೆ. ಸೊನ್ನೆ ಬರಿಯ ಚುಕ್ಕೆಯಾದ್ದರಿಂದ ಕೊಳೆಯಲ್ಲಿ ಮುಚ್ಚಿಹೋಗಿ ಹತ್ತು ಒಂದಾಗಿ ಕಾಣುವುದುಂಟು.

ತಕ್ಕಡಿ

ಹಿಜರಿಲೆಕ್ಕ ಅವರು ಮೊದಲೆರಡು ನಾಣ್ಯಗಳ ವಿಚಾರವನ್ನು ಸ್ಪಷ್ಟಪಡಿಸಿದ್ದಾರೆ. ನಾನು ಅಕ್ಚೆಯ ಬಗ್ಗೆಯೂ ತಮ್ಮ ಸಂಗ್ರಹ ಕ್ರಮದ ಬಗ್ಗೆಯೂ ಬರೆಯುತ್ತೇನೆ.

926 ಎಂಬುದು ಸುಲ್ತಾನ್ ಸುಲೇಮಾನನ ಪಟ್ಟದ ವರ್ಷ. ಆ ಕಾಲದ ಅಕ್ಚೆಗಳಲ್ಲಿ ಆಳ್ವಿಕೆಯ ವರ್ಷವನ್ನು ಹಾಕುವ ಪದ್ಧತಿ ಇರಲಿಲ್ಲವಾದ್ದರಿಂದ ತಮ್ಮ ನಾಣ್ಯ 1520ರಿಂದ 1566ರವರೆಗಿನ ಯಾವ ವರ್ಷದ್ದಾದರೂ ಆಗಿರಬಹುದು. 1520 ಎಂದು ದಾಖಲಿಸದೆ 'ಸುಲೇಮಾನ್, ಪಟ್ಟದ ವರ್ಷ 926' ಎಂದಷ್ಟೇ ಬರೆದಿಟ್ಟುಕೊಳ್ಳಿ. 0.69 ಗ್ರಾಂ ಆ ಕಾಲಕ್ಕೆ ಒಪ್ಪುವ ತೂಕ.

ಆದರೆ ಈ ತೂಕವನ್ನು ಅಸಲಿ ನಕಲಿಯ ಪರೀಕ್ಷೆಯೆಂದು ಮಾತ್ರ ನೋಡಿದರೆ ಆಟೋಮನ್ ಬೆಳ್ಳಿಯ ಅರ್ಧ ಚರಿತ್ರೆ ಕೈತಪ್ಪಿ ಹೋಗುತ್ತದೆ. 14ನೆಯ ಶತಮಾನದಲ್ಲಿ ಓರ್ಹಾನನ ಕಾಲದ ಅಕ್ಚೆ ಸುಮಾರು 1.15 ಗ್ರಾಂ ತೂಗುತ್ತಿತ್ತು. ಕಾನ್‌ಸ್ಟಾಂಟಿನೋಪಲ್ ಗೆದ್ದ ಎರಡನೆಯ ಮೆಹ್ಮದ್ ಖಜಾನೆಗೆ ಹಣ ಬೇಕಾದಾಗಲೆಲ್ಲ ಹಳೆಯ ಅಕ್ಚೆಗಳನ್ನು ರದ್ದುಮಾಡಿ, ಜನರು ಅವುಗಳನ್ನು ಟಂಕಸಾಲೆಗೆ ತಂದೊಪ್ಪಿಸಿ ನಷ್ಟದ ದರದಲ್ಲಿ ಹೊಸ ಹಗುರ ನಾಣ್ಯಗಳನ್ನು ಪಡೆಯಬೇಕೆಂದು ಕಟ್ಟಪ್ಪಣೆ ಮಾಡುತ್ತಿದ್ದ. ಬಚ್ಚಿಟ್ಟ ಹಳೆಯ ಬೆಳ್ಳಿಯನ್ನು ಹುಡುಕಿ ವಶಪಡಿಸಿಕೊಳ್ಳಲು ಅಧಿಕಾರಿಗಳನ್ನೂ ನೇಮಿಸಿದ್ದ. ಅವನು ತೀರಿಕೊಂಡ 1481ರ ಹೊತ್ತಿಗೆ ಅಕ್ಚೆ ಸುಮಾರು 0.75 ಗ್ರಾಂಗೆ ಇಳಿದಿತ್ತು.

ನಿಜವಾದ ಕುಸಿತವಾದದ್ದು ಮೂರನೆಯ ಮುರಾದನ ಕಾಲದಲ್ಲಿ, 1585-86ರ ಸುಮಾರಿಗೆ. ಅದುವರೆಗೆ ನೂರು ದಿರ್ಹಮ್ ತೂಕದ ಬೆಳ್ಳಿಯಿಂದ 450 ಅಕ್ಚೆಗಳನ್ನು ಹೊಡೆಯುತ್ತಿದ್ದ ಟಂಕಸಾಲೆ ಅಷ್ಟೇ ಬೆಳ್ಳಿಯಿಂದ 800 ಹೊಡೆಯತೊಡಗಿತು. 0.68 ಗ್ರಾಂ ಇದ್ದ ನಾಣ್ಯ 0.38 ಗ್ರಾಂ ಆಯಿತು. 60 ಅಕ್ಚೆಗೆ ಸಿಗುತ್ತಿದ್ದ, ಸುಲ್ತಾನಿ ಎಂಬ ಚಿನ್ನದ ನಾಣ್ಯಕ್ಕೆ 120 ಕೊಡಬೇಕಾಯಿತು. ಹಗುರ ನಾಣ್ಯದಲ್ಲಿ ಸಂಬಳ ಪಡೆದ ಜಾನಿಸರಿ ಸೈನಿಕರು 1589ರಲ್ಲಿ ದಂಗೆಯೆದ್ದು, ರುಮೇಲಿಯ ಬೇಲರ್‌ಬೇಯಿ (ಪ್ರಾಂತಾಧಿಪತಿ) ಮತ್ತು ಖಜಾನೆಯ ಮುಖ್ಯಾಧಿಕಾರಿಯ ತಲೆ ಕೇಳಿದರು, ಸುಲ್ತಾನ ಕೊಡಲೇಬೇಕಾಯಿತು.

ಸಂಗ್ರಾಹಕರಿಗೆ ಇದರಲ್ಲಿರುವ ಮುಖ್ಯ ಸಂಗತಿಯೆಂದರೆ, ಮುರಾದನ ಪಟ್ಟದ ವರ್ಷ 982 ಆದ್ದರಿಂದ ಕುಸಿತಕ್ಕೆ ಮೊದಲಿನ ಅಕ್ಚೆಯ ಮೇಲೂ ನಂತರದ ಅಕ್ಚೆಯ ಮೇಲೂ ಅದೇ 982 ಇರುತ್ತದೆ. ಹೆಸರು ಒಂದೇ, ಇಸವಿ ಒಂದೇ. ಇವು ಯಾವ ಕಾಲದವೆಂದು ಬೇರ್ಪಡಿಸುವುದು ತಕ್ಕಡಿಯೊಂದೇ. ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುವ ಅಭ್ಯಾಸ ಆಗ ವ್ಯಾಪಕವಾಗಿದ್ದುದರಿಂದ ಅಂಚಿನಲ್ಲಿ ನೇರವಾದ ಕತ್ತರಿ ಗುರುತು ಇದೆಯೇ ಎಂಬುದನ್ನೂ ನೋಡಬೇಕಾಗುತ್ತದೆ ಎಂಬುದು ನಿಜ.

ಆದ್ದರಿಂದ ಸುಲ್ತಾನನಿಗೆ ಒಂದು ನಾಣ್ಯ ಎಂಬ ಕ್ರಮವನ್ನು ನಾನು ಒಪ್ಪುವುದಿಲ್ಲ. ಆ ಕ್ರಮದಲ್ಲಿ ಮುರಾದನ ಖಾನೆಗೆ ಒಂದು ಅಕ್ಚೆ ಬಂದ ಕೂಡಲೇ ಖಾನೆ ತುಂಬಿದಂತಾಗಿ, ಆ ಆಳ್ವಿಕೆಯ ಅತಿ ದೊಡ್ಡ ಘಟನೆ ಸಂಗ್ರಹದ ಹೊರಗೇ ಉಳಿಯುತ್ತದೆ. ಇಷ್ಟು ಸಾಲದೆಂಬಂತೆ 1876ರಲ್ಲಿ ಕೇವಲ 93 ದಿನ ಆಳಿದ ಐದನೆಯ ಮುರಾದನ ನಾಣ್ಯಕ್ಕಾಗಿ ಕೈಮೀರಿ ಖರ್ಚು ಮಾಡಬೇಕಾಗುತ್ತದೆ. ಬದಲಿಗೆ ಬೆಳ್ಳಿಯ ಇಳಿಕೆಯನ್ನೇ ಸಂಗ್ರಹದ ಎಳೆಯಾಗಿ ಹಿಡಿಯಿರಿ. 17ನೆಯ ಶತಮಾನದಲ್ಲಿ ಸಾಮ್ರಾಜ್ಯದ ಟಂಕಸಾಲೆಗಳು ಒಂದೊಂದಾಗಿ ಮುಚ್ಚಿ, ಮಾರುಕಟ್ಟೆಯಲ್ಲಿ ಸ್ಪೇನಿನ ರಿಯಾಲ್ ಮತ್ತು ಡಚ್ಚರ ಸಿಂಹದ ಥಾಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯಗಳು ಓಡಾಡುತ್ತಿದ್ದವು. ಆ ಶತಮಾನದ ಕೊನೆಗೆ ಅವುಗಳ ಮಾದರಿಯಲ್ಲಿಯೇ 40 ಪಾರಾ, ಅಂದರೆ 120 ಅಕ್ಚೆ ಬೆಲೆಯ ದೊಡ್ಡ ಕುರುಷ್ ಬಂದಿತು. ಅದೂ ಕರಗಿತು. ಎರಡನೆಯ ಮಹಮೂದ್ ಪಟ್ಟವೇರಿದ 1808ರಲ್ಲಿ ಕುರುಷ್ ಒಂದರಲ್ಲಿ ಸುಮಾರು 5.9 ಗ್ರಾಂ ಶುದ್ಧ ಬೆಳ್ಳಿಯಿತ್ತು. 1844ರ ವೇಳೆಗೆ ಒಂದು ಗ್ರಾಂಗಿಂತ ಕಡಿಮೆ. ಮಹಮೂದನ ನಾಣ್ಯಗಳಲ್ಲಿ ಆಳ್ವಿಕೆಯ ವರ್ಷ 1ರಿಂದ 32ರವರೆಗೆ ಇರುವುದರಿಂದ ಐದಾರು ನಾಣ್ಯಗಳನ್ನು ಸಾಲಾಗಿ ಜೋಡಿಸಿದರೆ ಬಿಳಿ ಬೆಳ್ಳಿ ಕ್ರಮೇಣ ಕೆಂಪಾಗುವುದು ಬರಿಗಣ್ಣಿಗೇ ಕಾಣುತ್ತದೆ. ಇಡೀ ಆಟೋಮನ್ ಸಂಗ್ರಹದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು ಅದು, ನೋಡಲು ಅಷ್ಟೇನೂ ಚೆಲುವಲ್ಲದಿದ್ದರೂ.

1844ರಲ್ಲಿ ಅಬ್ದುಲ್ ಮಜೀದ್ ಮಾಡಿದ ಸುಧಾರಣೆಯಿಂದ ಬಂದ 20 ಕುರುಷಿನ ಮೆಜಿದಿಯೆ 24.055 ಗ್ರಾಂ, ಶುದ್ಧತೆ 0.830. ಗುಣಿಸಿ ಇಪ್ಪತ್ತರಿಂದ ಭಾಗಿಸಿದರೆ ಕುರುಷಿಗೆ ಒಂದು ಗ್ರಾಂ ಬೆಳ್ಳಿ. ಕಳೆದುಹೋದ ಬೆಳ್ಳಿಯನ್ನು ಸುಧಾರಣೆ ಮರಳಿ ತರಲಿಲ್ಲ. ಇಳಿಕೆಯನ್ನು ಇದ್ದಲ್ಲಿಗೆ ನಿಲ್ಲಿಸಿತು. ಮೆಜಿದಿಯೆಯಲ್ಲಿ ಪಟ್ಟದ ವರ್ಷವಾಗಿ 1255 ಇದ್ದರೂ ಆಳ್ವಿಕೆಯ ವರ್ಷ 6ಕ್ಕಿಂತ ಕಡಿಮೆ ಇರಲಾರದು ಎಂಬುದನ್ನು ಕೊಳ್ಳುವಾಗ ನೆನಪಿಡಿ.

ಟಂಕಸಾಲೆ

ತಕ್ಕಡಿಯವರ ವಾದ ಬಲವಾದುದೇ. ಆದರೂ ಅದು 16ನೆಯ ಶತಮಾನದ ಅಕ್ಚೆಗಳ ಮಟ್ಟಿಗೆ ಪೂರ್ತಿ ಹೊಂದುವುದಿಲ್ಲ ಎಂದು ನನ್ನ ಅಭಿಪ್ರಾಯ. ಸುಲೇಮಾನನ 46 ವರ್ಷಗಳಲ್ಲಿ ಇಸವಿ ಬದಲಾಗಲಿಲ್ಲ, ತೂಕವೂ ಹೆಚ್ಚು ಬದಲಾಗಲಿಲ್ಲ. ಬದಲಾಗುವುದು ಟಂಕಸಾಲೆಯ ಹೆಸರು. ಇಸ್ತಾಂಬುಲ್, ಎದಿರ್ನೆ, ಬುರ್ಸಾ ನಗರಗಳಲ್ಲದೆ ಬಾಲ್ಕನ್ ಪ್ರದೇಶದ ಬೆಳ್ಳಿ ಗಣಿಗಳ ಬಳಿಯೇ ಟಂಕಸಾಲೆಗಳಿದ್ದವು. ಗಣಿಯಿಂದ ತೆಗೆದ ಬೆಳ್ಳಿ ರಾಜಧಾನಿಯ ದಾರಿಯಲ್ಲಿ ಸೋರಿಹೋಗುವ ಮೊದಲು ಅಲ್ಲಿಯೇ ನಾಣ್ಯವಾಗಲಿ ಎಂಬುದು ಆಡಳಿತದ ಇಚ್ಛೆಯಾಗಿತ್ತು. ನೊವೊ ಬರ್ದೊ ಗಣಿಯ 'ನೊವಾರ್', ಸ್ರೆಬ್ರೆನಿತ್ಸಾ, ಕ್ರಾತೊವಾ, ಸಿದ್ರೆಕಾಪ್ಸಿ, ಉಸ್ಕುಪ್, ಸೆರೆಜ್ ಇವೆಲ್ಲವೂ ಅಕ್ಚೆಗಳ ಮೇಲೆ ಸಿಗುವ ಹೆಸರುಗಳು. ಪೂರ್ವದಲ್ಲಿ ಆಮಿದ್, ಹಲೆಬ್, ಬಾಗ್ದಾದ್ ಇವೆ. ಇರಾನನ್ನು ಆಳುತ್ತಿದ್ದ ಸಫಾವಿಗಳೊಡನೆ ನಡೆದ ಯುದ್ಧದಲ್ಲಿ 1585ರಲ್ಲಿ ತೆಬ್ರಿಜ್ ಕೈವಶವಾದ ಮೇಲೆ ಅಲ್ಲಿನ ಹೆಸರೂ ಆಟೋಮನ್ ಬೆಳ್ಳಿಯ ಮೇಲೆ ಬರುತ್ತದೆ. ಸಾಮ್ರಾಜ್ಯದ ನಕ್ಷೆಯನ್ನು ಅಂಗೈಯಲ್ಲಿ ಹರಡಿಕೊಳ್ಳುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ತೊಂದರೆಯೆಂದರೆ ಅಕ್ಚೆಯ ಬಿಲ್ಲೆ ಅಚ್ಚಿಗಿಂತ ಚಿಕ್ಕದಾದ್ದರಿಂದ ಹತ್ತರಲ್ಲಿ ಹಲವು ನಾಣ್ಯಗಳಲ್ಲಿ ಟಂಕಸಾಲೆಯ ಹೆಸರು ಅಂಚಿನಾಚೆ ಹೋಗಿರುತ್ತದೆ. ನಾಣ್ಯಾಸಕ್ತರೇ, ನಿಮ್ಮ ನಾಣ್ಯದಲ್ಲಿ ಇಸವಿಯ ಪಕ್ಕದಲ್ಲಿ ಅಥವಾ ಮೇಲೆ ಉಳಿದಿರುವ ಅಕ್ಷರಗಳ ತುದಿಗಳನ್ನು ಓರೆ ಬೆಳಕಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕೊಸ್ತಾಂತಿನಿಯೆ ಎಂಬ ಹೆಸರಾದರೆ ಉದ್ದನೆಯ ಎಳೆತ ಇರುತ್ತದೆ. ನೊವಾರ್ ಆದರೆ ಬಿಡಿಬಿಡಿ ಅಕ್ಷರಗಳು. ಹೊಸದಾಗಿ ಕೊಳ್ಳುವಾಗ ಇಸವಿ ಮಾಸಿದ್ದರೂ ಚಿಂತೆಯಿಲ್ಲ, ಟಂಕಸಾಲೆಯ ಹೆಸರು ಓದಲು ಬರುವ ನಾಣ್ಯವನ್ನೇ ಆರಿಸಿ. ಇಸವಿಯನ್ನು ಸುಲ್ತಾನನ ಹೆಸರಿನಿಂದಲೇ ಊಹಿಸಬಹುದು, ಟಂಕಸಾಲೆಯನ್ನು ಹಾಗೆ ಊಹಿಸಲಾಗದು.

ನಾಣ್ಯಾಸಕ್ತ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡನೆಯ ನಾಣ್ಯದಲ್ಲಿ 'ಮಿಸ್ರ್' ಎಂಬುದು ಸ್ಪಷ್ಟವಾಗಿದೆ, ಡಬ್ಲ್ಯು ಅಕ್ಷರವೂ ಸಿಕ್ಕಿತು. ಅಕ್ಚೆಯಲ್ಲಿ ಉದ್ದನೆಯ ಎಳೆತವೇನೂ ಕಾಣಿಸುತ್ತಿಲ್ಲ. ಆದರೆ ಬರಹದ ಸಂದುಗಳಲ್ಲಿ ಕಪ್ಪು ಪದರ ಕಟ್ಟಿರುವುದರಿಂದ ಉಳಿದ ಅಕ್ಷರಗಳನ್ನು ನಿಶ್ಚಯಿಸಲು ಆಗುತ್ತಿಲ್ಲ. ಅದನ್ನು ತೆಗೆಯುವ ಸುರಕ್ಷಿತ ವಿಧಾನವಿದೆಯೇ? ಇನ್ನೊಂದು ಪ್ರಶ್ನೆ: ಐದನೆಯ ಮುರಾದನ ಐದು ಕುರುಷ್ ಎಂದು ಹೇಳುವ ನಾಣ್ಯವೊಂದು ಮಾರಾಟಕ್ಕಿದೆ. 1293, ಆಳ್ವಿಕೆಯ ವರ್ಷ 1 ಎಂದಿದೆ. ಮೇಲ್ಭಾಗದಲ್ಲಿ ಮುಚ್ಚಿದ ರಂಧ್ರವಿದ್ದಂತೆ ತೋರುತ್ತದೆ. ಕೊಳ್ಳಬಹುದೇ?

ತಕ್ಕಡಿ

ಕಪ್ಪು ಪದರವನ್ನು ಮುಟ್ಟಬೇಡಿ. ಗಾಳಿಯಲ್ಲಿನ ಗಂಧಕದ ಅಂಶದೊಡನೆ ಬೆಳ್ಳಿಯೇ ಸೇರಿ ಆದ ಪದರ ಅದು. ಸೋಡಾ, ಹುಳಿ ಅಥವಾ ಹೊಳಪಿನ ಪುಡಿ ಹಾಕಿ ಉಜ್ಜಿದರೆ ಕಪ್ಪಿನೊಡನೆ ನಾಣ್ಯದ ಮೇಲ್ಮೈಯೂ ಹೋಗುತ್ತದೆ, 0.69 ಗ್ರಾಂ ನಾಣ್ಯದಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ಓದುವುದಕ್ಕಾದರೆ ಆ ಕಪ್ಪು ನಿಜಕ್ಕೂ ಸಹಾಯಕ; ತಗ್ಗಿನಲ್ಲಿ ಕಪ್ಪಿದ್ದಾಗ ಉಬ್ಬಿದ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ. ಮಣ್ಣು ಅಂಟಿದ್ದರೆ ಮಾತ್ರ ಶುದ್ಧೀಕರಿಸಿದ ನೀರಿನಲ್ಲಿ ನೆನೆಸಿಡಿ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಸಿರು ಜಿಗುಟು ಬಂದಿದ್ದರೆ ಶುದ್ಧ ಅಸಿಟೋನ್ ಅದನ್ನು ಕರಗಿಸುತ್ತದೆ, ಬೆಳ್ಳಿಗೆ ಹಾನಿ ಮಾಡುವುದಿಲ್ಲ.

ಮುರಾದನದೆನ್ನುವ ನಾಣ್ಯವನ್ನು ತುಘ್ರಾ ಓದದೆ ಕೊಳ್ಳಲೇಬೇಡಿ. 1876ರ ಮೇ ತಿಂಗಳ ಕೊನೆಗೆ ಪಟ್ಟಕ್ಕೆ ಬಂದ ಮುರಾದನೂ ಆಗಸ್ಟ್ ಕೊನೆಗೆ ಅವನ ಜಾಗಕ್ಕೆ ಬಂದ ಅಬ್ದುಲ್ ಹಮೀದನೂ ಒಂದೇ ಹಿಜರಿ ವರ್ಷದವರಾದ್ದರಿಂದ '1293, ವರ್ಷ 1' ಎಂಬುದು ಇಬ್ಬರಿಗೂ ಸಲ್ಲುತ್ತದೆ. ಸಾಮಾನ್ಯ ಹಮೀದನನ್ನು ದುಬಾರಿ ಮುರಾದನೆಂದು ಮಾರಲು ಇದಕ್ಕಿಂತ ಅನುಕೂಲವಾದ ಇಸವಿ ಮತ್ತೊಂದಿಲ್ಲ. ಇಬ್ಬರ ಖಚಿತ ನಾಣ್ಯಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತುಘ್ರಾದ ಬುಡದಲ್ಲಿರುವ ಹೆಸರಿನ ಗಂಟನ್ನು ಹೋಲಿಸಿ.

ರಂಧ್ರ ಆಟೋಮನ್ ನಾಣ್ಯಗಳಲ್ಲಿ ಸಾಮಾನ್ಯವಾಗಿ ಕಾಣುವಂಥದು, ಹೆಂಗಸರು ನಾಣ್ಯಗಳನ್ನು ತಲೆಯುಡುಗೆಗೂ ಕೊರಳ ಸರಕ್ಕೂ ಪೋಣಿಸುತ್ತಿದ್ದರು. ತೆರೆದ ರಂಧ್ರಕ್ಕೆ ನನ್ನ ತಕರಾರಿಲ್ಲ, ಬೆಲೆ ಅಗ್ಗವಾಗುವುದರಿಂದ ಕಲಿಯುವವರಿಗೆ ಅದು ಒಳ್ಳೆಯದೇ. ಬೆಸುಗೆ ಹಾಕಿ ಮುಚ್ಚಿ ಗೀರಿ ಮರೆಮಾಡಿದ ರಂಧ್ರ ಬೇರೆ ಮಾತು.

ಬೆಳ್ಳಿಯ ಬಗ್ಗೆ ಅನುಮಾನವಿದ್ದರೆ ಸಾಂದ್ರತೆ ಪರೀಕ್ಷಿಸಬಹುದು. ನಾಣ್ಯವನ್ನು ಗಾಳಿಯಲ್ಲಿ ತೂಗಿ, ನಂತರ ದಾರ ಕಟ್ಟಿ ನೀರಿನೊಳಗೆ ತೂಗಾಡಿಸಿ ತೂಗಿ, ಮೊದಲ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿ. ಉಳಿದದ್ದು ತಾಮ್ರವಾಗಿರುವ 0.830 ಶುದ್ಧತೆಯ ಬೆಳ್ಳಿಗೆ 10.2ರ ಸುಮಾರು ಬರಬೇಕು. 9ರ ಹತ್ತಿರ ಬಂದರೆ ಕೈಬಿಡಿ. ಐದು ಕುರುಷಿಗೆ ನೂರನೆಯ ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು. ಅಕ್ಚೆಗೆ ಈ ಪರೀಕ್ಷೆ ಉಪಯೋಗವಿಲ್ಲ, ಕಡಿಮೆಯಾಗುವ ತೂಕವೇ ಅಷ್ಟು ಅಲ್ಪ.

ಹಿಜರಿಲೆಕ್ಕ

ಒಂದು ವಿಚಾರ ಯಾರೂ ಪ್ರಸ್ತಾಪಿಸಲಿಲ್ಲ. ಟರ್ಕಿಗೆ ಪ್ರವಾಸ ಹೋಗಿ ಅಲ್ಲಿಯೇ ಕೊಂಡು ತರುವ ಯೋಚನೆ ಇದ್ದರೆ 1983ರ 2863ನೆಯ ಸಂಖ್ಯೆಯ ಕಾನೂನನ್ನು ಗಮನದಲ್ಲಿಡಿ. ಅಬ್ದುಲ್ ಮಜೀದ್, ಅಬ್ದುಲ್ ಅಜೀಜ್, ಐದನೆಯ ಮುರಾದ್, ಎರಡನೆಯ ಅಬ್ದುಲ್ ಹಮೀದ್, ಐದನೆಯ ಮೆಹ್ಮದ್ ರೆಶಾದ್, ಆರನೆಯ ಮೆಹ್ಮದ್ ವಹೀದುದ್ದೀನ್ ಈ ಕೊನೆಯ ಆರು ಸುಲ್ತಾನರ ನಾಣ್ಯಗಳನ್ನು ನೋಂದಣಿಯಿಲ್ಲದೆ ಕೊಳ್ಳಲು, ಮಾರಲು ಆ ಕಾನೂನು ಅವಕಾಶ ಕೊಡುತ್ತದೆ, ಅದೂ ದೇಶದೊಳಗೆ ಮಾತ್ರ. ಅದಕ್ಕಿಂತ ಹಿಂದಿನವು ಸಾಂಸ್ಕೃತಿಕ ಸ್ವತ್ತಿನ ನಿಯಮಕ್ಕೆ ಒಳಪಡುತ್ತವೆ, ಅವುಗಳನ್ನು ಗಡಿ ದಾಟಿಸುವುದು ಅಪರಾಧ. ಮಾರುವವರು ಏನೇ ಭರವಸೆ ಕೊಟ್ಟರೂ ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡಬೇಕಾದವರು ನೀವು. ಅಕ್ಚೆಗಳನ್ನು ಟರ್ಕಿಯ ಹೊರಗಿನ ಹರಾಜುಗಳಲ್ಲಿ, ಹಿಂದಿನ ಒಡೆತನದ ದಾಖಲೆ ಇರುವವರಿಂದ ಕೊಳ್ಳುವುದೇ ಸರಿ. ಆ ರಸೀದಿಯನ್ನು ತೂಕ, ಟಂಕಸಾಲೆ ಮತ್ತು ಪಟ್ಟದ ವರ್ಷ ಬರೆದ ಚೀಟಿಯ ಜೊತೆಯಲ್ಲೇ ಇಡಿ.